ಈ ವರ್ಷ ನೆಡುತ್ತೀರಾ?

ಹಮ್ಮಾದಿಯ ಎಡಗಾಲಿನ ಎರಡು ಬೆರಳು ಹೋದ ಮೇಲೆ, ಅತ್ತಾಯಾ ಬಂದರಿನ ಕಾಫಿ ಅಂಗಡಿಯಲ್ಲಿ ಏನಾಯಿತೆಂದು ಯಾರು ಕೇಳಿದರೂ ಅವನದು ಒಂದೇ ಉತ್ತರ: "ತಮ್ಮನ ಲ್ಯಾಪ್‌ಟಾಪ್ ಕಚ್ಚಿಬಿಡ್ತು." ಕೇಳಿದವರು ನಗುತ್ತಿದ್ದರು. ಹಮ್ಮಾದಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಪಕ್ಕದಲ್ಲಿ ಕೂತ ತಮ್ಮ ಶಾದ್ಲಿ ಮಾತ್ರ ಲೋಟದೊಳಗೆ ನೊಣ ಬಿದ್ದಿದೆಯೇನೋ ಎಂಬಂತೆ ಕಾಫಿಯನ್ನೇ ನೋಡುತ್ತಿದ್ದ. ಕೊನೆಗೆ ಅವನು ಆ ಅಂಗಡಿಗೆ ಹೋಗುವುದನ್ನೇ ಬಿಟ್ಟ.

ಶಾದ್ಲಿ ರಮ್ಲಾ ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಮ್ಮ ಕರ್ಕನಾ ದ್ವೀಪದ ಅರ್ಧ ಜನಕ್ಕೆ ಅವನು ಲೆಕ್ಕ ಕಲಿಸಿದ್ದಾನೆ, ಉಳಿದರ್ಧ ಜನ ಲೆಕ್ಕ ಕಲಿಯದೆಯೇ ಸುಖವಾಗಿದ್ದಾರೆ. ಅವನ ಇನ್ನೊಂದು ಕೆಲಸದ ವಿಷಯ ಊರಿಗೆ ಅಷ್ಟಾಗಿ ಗೊತ್ತಿಲ್ಲ. ಯಾವ ಕಂಪನಿಯ ಸೊತ್ತೂ ಅಲ್ಲದ, ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಿ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಮ್ ಒಂದಿದೆ. ಅದರಲ್ಲಿ ಸಾವಿರಾರು ಪ್ರೋಗ್ರಾಂಗಳು. ಒಂದೊಂದನ್ನೂ ಪ್ಯಾಕೇಜ್ ಮಾಡಿ ಕಟ್ಟಿ, ಮಿಕ್ಕವುಗಳ ಜೊತೆ ಜಗಳವಾಡದಂತೆ ಹೊಂದಿಸಿ, ಕೆಟ್ಟಾಗ ರಿಪೇರಿ ಮಾಡಿಡಲು ಲೋಕದ ಮೂಲೆಮೂಲೆಯಲ್ಲಿ ಒಬ್ಬೊಬ್ಬ ಪುಣ್ಯಾತ್ಮನಿದ್ದಾನೆ. ನಮ್ಮ ಮೂಲೆಯ ಪುಣ್ಯಾತ್ಮ ಶಾದ್ಲಿ. ಸಂಬಳವಿಲ್ಲ, ಸನ್ಮಾನವಿಲ್ಲ, ಪ್ಯಾಕೇಜಿನ ಮೇಲೆ ‘ಉಸ್ತುವಾರಿ’ ಎಂಬ ಸಾಲಿನಲ್ಲಿ ಅವನ ಹೆಸರಿರುತ್ತದೆ, ಅಷ್ಟೆ. ಕಡಲಾಚೆಯ ಸ್ಫಾಕ್ಸ್ ಪಟ್ಟಣದಲ್ಲಿರುವ ಅವನ ಭಾವಮೈದ ಇದನ್ನು ಕೇಳಿ, ಬಿಟ್ಟಿ ದುಡಿಯುವವರನ್ನು ನಮ್ಮೂರಲ್ಲಿ ಡಾಕ್ಟರಿಗೆ ತೋರಿಸುತ್ತಾರೆ ಎಂದಿದ್ದ. ಸ್ಫಾಕ್ಸ್‌ನವರು ನಿದ್ದೆಯಲ್ಲೂ ಅಂಗಡಿ ಬಾಗಿಲು ತೆರೆದಿಟ್ಟಿರುವ ಜನ, ಅವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಶಾದ್ಲಿಯ ಪ್ಯಾಕೇಜಿನ ಹೆಸರು ‘ಮೊರ್’. ಯಾವ ಬಂದರಿನಲ್ಲಿ ನೀರು ಎಷ್ಟು ಹೊತ್ತಿಗೆ ಉಬ್ಬರ, ಎಷ್ಟು ಹೊತ್ತಿಗೆ ಇಳಿತ ಎಂದು ಲೆಕ್ಕ ಹಾಕಿ ಹೇಳುವ ಪ್ರೋಗ್ರಾಂ ಅದು. ಫ್ರಾನ್ಸಿನ ಕರಾವಳಿಯ ಮುದುಕ ನಾವಿಕನೊಬ್ಬ ಬರೆದು, ಕೈಬಿಟ್ಟು, ತೀರಿಕೊಂಡಿದ್ದ. ಈ ಸಮುದ್ರದ ಹೆಚ್ಚಿನ ಕಡೆ ನೀರು ಏರಿಳಿಯುವುದು ಹೆಸರಿಗಷ್ಟೆ. ನಮ್ಮ ಕೊಲ್ಲಿಯಲ್ಲಿ ಮಾತ್ರ ಇಳಿದರೆ ನೆಲ ಕಾಣುತ್ತದೆ. ನಮ್ಮ ಮೀನುಗಾರಿಕೆ ನಿಂತಿರುವುದೇ ಅದರ ಮೇಲೆ. ಆಳವಿಲ್ಲದ ನೀರಿನಲ್ಲಿ ಖರ್ಜೂರದ ಗರಿಗಳನ್ನು ಉದ್ದಕ್ಕೆ ಬೇಲಿಯಂತೆ ನೆಡುತ್ತೇವೆ. ನೀರು ಇಳಿಯುವಾಗ ಮೀನು ಆ ಬೇಲಿಗುಂಟ ಹೋಗಿ ತಾನಾಗಿಯೇ ಬೋನಿಗೆ ಬೀಳುತ್ತದೆ. ಇದು ಶರ್ಫಿಯಾ. ಅಪ್ಪನ ಶರ್ಫಿಯಾ ಹಿರಿಯ ಮಗ ಹಮ್ಮಾದಿಗೆ ಬಂತು. ಕಿರಿಯವನಿಗೆ ಕಣ್ಣಿನ ಕನ್ನಡಕ ಬಂತು. ಶಾದ್ಲಿ ಮೊರ್ ಅನ್ನು ಕೈಗೆತ್ತಿಕೊಂಡದ್ದು ಸಮುದ್ರದಲ್ಲಿ ತನಗೂ ಒಂದು ಪಾಲಿರಲಿ ಎಂಬ ಆಸೆಗೆ. ಇದನ್ನು ಅವನು ಯಾರಿಗೂ ಹೇಳಲಿಲ್ಲ, ಆದರೆ ನಮಗೆ ಗೊತ್ತು.

ಜೊತೆಗೆ ಇನ್ನೊಬ್ಬರ ಹೆಸರು ಹಾಕಿಕೋ, ಎಡವಿದರೆ ಹಿಡಿಯಲು ಒಬ್ಬರಿರುತ್ತಾರೆ ಎಂದು ಇಂಥ ಪುಣ್ಯಾತ್ಮರ ಬಳಗದವರು ಎಷ್ಟೋ ಸಲ ಹೇಳಿದ್ದರು. ಇವನು ಕಿವಿಗೆ ಹಾಕಿಕೊಳ್ಳಲಿಲ್ಲ. ಉಸ್ತುವಾರಿಯ ಸಾಲಿನಲ್ಲಿ ಒಂದೇ ಹೆಸರು, ತನ್ನದು. ಮೆದು ಮನುಷ್ಯ, ಆದರೆ ಆ ಒಂದು ವಿಷಯದಲ್ಲಿ ಕಬ್ಬಿಣದ ಕಡಲೆ.

ಇದರ ಜೊತೆಗೆ ಬಳಗದಲ್ಲಿ ಅವನಿಗೆ ಇನ್ನೊಂದು ಜವಾಬ್ದಾರಿಯೂ ಇತ್ತು, ಕಾಣೆಯಾದವರನ್ನು ವಿಚಾರಿಸುವುದು. ಬಿಟ್ಟಿ ಕೆಲಸವಲ್ಲವೇ, ಜನ ಹೇಳದೆ ಕೇಳದೆ ಮಾಯವಾಗುತ್ತಾರೆ. ಒಬ್ಬನಿಗೆ ಮಗುವಾಯಿತು, ಒಬ್ಬಳಿಗೆ ಬೇಸರ ಬಂತು, ಒಬ್ಬ ಸತ್ತೇಹೋದ. ಅವರ ಪ್ಯಾಕೇಜುಗಳು ತುಕ್ಕು ಹಿಡಿಯುತ್ತಿರುತ್ತವೆ, ಆದರೆ ಒಡೆಯನನ್ನು ಕೇಳದೆ ಇನ್ನೊಬ್ಬ ಕೈ ಹಾಕುವಂತಿಲ್ಲ. ಆದ್ದರಿಂದ ಒಂದು ಮರ್ಯಾದೆಯ ಪತ್ರ ಹೋಗುತ್ತದೆ: ಇದ್ದೀರಾ? ಈ ಕೆಲಸ ಮುಂದುವರಿಸುತ್ತೀರಾ? ಉತ್ತರ ಬಾರದಿದ್ದರೆ ಇನ್ನೊಂದು. ಅದಕ್ಕೂ ಬಾರದಿದ್ದರೆ ಮೂರನೆಯದು, ಆಮೇಲೆ ಪ್ಯಾಕೇಜು ಅನಾಥ. ಯಾರು ಬೇಕಾದರೂ ಎತ್ತಿಕೊಳ್ಳಬಹುದು, ಯಾರೂ ಎತ್ತಿಕೊಳ್ಳದಿದ್ದರೆ ಕಸದ ಬುಟ್ಟಿಗೆ.

ಹಿಂದೆ ಆ ಪತ್ರ ಪೊಲೀಸ್ ನೋಟಿಸಿನ ಹಾಗಿತ್ತು. ಅದನ್ನು ಹೊಸದಾಗಿ ಬರೆದವನು ಶಾದ್ಲಿ. ಬರೆಯುವಾಗ ಅವನ ಮನಸ್ಸಿನಲ್ಲಿದ್ದದ್ದು ನಮ್ಮ ಊರಿನ ಪದ್ಧತಿ. ಗರಿ ನೆಡುವ ಕಾಲ ಬಂದರೂ ಒಂದು ಮನೆಯವರು ಗರಿ ಕಡಿಯುವ ಸುಳಿವಿಲ್ಲದಿದ್ದರೆ, ಪಕ್ಕದ ಶರ್ಫಿಯಾದವನು ಅವರ ಮನೆಗೆ ಹೋಗುತ್ತಾನೆ. ಕಾಫಿ ಕುಡಿಯುತ್ತಾನೆ, ಮದುವೆ ಮುಂಜಿಯ ಮಾತಾಡುತ್ತಾನೆ, ಏಳುವ ಮುಂಚೆ ಕೇಳುತ್ತಾನೆ: ಈ ವರ್ಷ ನೆಡುತ್ತೀರಾ? ಕೇಳದೆ ನೆಟ್ಟವನಿಗೆ ನಮ್ಮಲ್ಲಿ ಹೆಣ್ಣು ಕೊಡುವುದಿಲ್ಲ. ಶಾದ್ಲಿಯ ಪತ್ರವೂ ಹಾಗೇ ಇತ್ತು, ಕ್ಷೇಮ ಸಮಾಚಾರ ಮೊದಲು, ಪ್ರಶ್ನೆ ಆಮೇಲೆ. ಕೊನೆಯ ಸಾಲಿನ ಬಗ್ಗೆಯಂತೂ ಅವನಿಗೆ ಒಳಗೊಳಗೇ ಹೆಮ್ಮೆ: ‘ನೀವು ಈ ಕೆಲಸ ಬಿಟ್ಟುಕೊಟ್ಟರೂ ನಮ್ಮ ಕಣ್ಣಿನಲ್ಲಿ ನೀವು ಕಡಿಮೆಯಾಗುವುದಿಲ್ಲ.’ ಬಳಗದವರೆಲ್ಲ ಮೆಚ್ಚಿದರು, ಅಂದಿನಿಂದ ಅದೇ ಪತ್ರ ಹೋಗುತ್ತಿದೆ.

ಈ ಕೆಲಸಕ್ಕೆ ಅವನು ತಯಾರು ಮಾಡಿದ್ದು ಹೈಫಾಳನ್ನು. ಗಾಬೆಸ್ ಪಟ್ಟಣದ ಅಂಚೆ ಕಚೇರಿಯಲ್ಲಿರುವವಳು. ಬಳಗಕ್ಕೆ ಸೇರಬೇಕಾದರೆ ಈಗಾಗಲೇ ಇರುವ ಒಬ್ಬರು ಹೊಸಬರನ್ನು ಮುಖಾಮುಖಿ ಕಂಡು, ಸರಕಾರಿ ಗುರುತಿನ ಚೀಟಿ ನೋಡಿ, ಈ ಮನುಷ್ಯ ಈ ಮನುಷ್ಯನೇ ಹೌದು ಎಂದು ಸಹಿ ಮಾಡಬೇಕು. ಹೈಫಾ ಅದಕ್ಕಾಗಿ ಸ್ಫಾಕ್ಸ್‌ನ ಹಡಗು ಕಟ್ಟೆಗೆ ಬಂದಿದ್ದಳು. ಅಷ್ಟು ಹೊತ್ತಿಗೆ ಇಬ್ಬರೂ ಫೋನಿನಲ್ಲಿ ಎಷ್ಟೋ ಮಾತಾಡಿದ್ದರು, ದನಿ ಕೇಳಿದರೆ ಸಾಕು ಗುರುತು. ಆದರೂ ಶಾದ್ಲಿ ಚೀಟಿ ಇಸಿದುಕೊಂಡು, ಫೋಟೋ ನೋಡಿ, ಅವಳ ಮುಖ ನೋಡಿ, ಮತ್ತೆ ಫೋಟೋ ನೋಡಿದ. ಮದುವೆಗೆ ಹೆಣ್ಣು ನೋಡಲು ಬಂದವರೂ ನನ್ನನ್ನು ಇಷ್ಟು ನೋಡಿರಲಿಲ್ಲ ಎಂದು ಅವಳು ಇವತ್ತಿಗೂ ಆಡಿಕೊಳ್ಳುತ್ತಾಳೆ.

ಇನ್ನು ಬೆರಳಿನ ಕಥೆ.

ಶಾದ್ಲಿಗೆ ಚೊಕ್ಕಟದ ಹುಚ್ಚು. ಪ್ಯಾಕೇಜುಗಳನ್ನು ಪರೀಕ್ಷೆ ಮಾಡುವ ಯಂತ್ರವೊಂದಿದೆ. ಅದು ಕೋಡ್ ಓದಿ, ಇಲ್ಲಿ ಹೀಗಿದೆ, ಅಲ್ಲಿ ಹಾಗಿದೆ ಎಂದು ಎಚ್ಚರಿಕೆಗಳನ್ನು ಉದುರಿಸುತ್ತದೆ. ಬುದ್ಧಿಯುಳ್ಳವರು ಅರ್ಧವನ್ನು ಓದಿ ಸುಮ್ಮನಾಗುತ್ತಾರೆ. ಶಾದ್ಲಿಗೆ ತನ್ನ ಪ್ಯಾಕೇಜಿನ ಮೇಲೆ ಒಂದು ಎಚ್ಚರಿಕೆ ಇದ್ದರೂ ಊಟ ಸೇರುವುದಿಲ್ಲ. ಆ ಚಳಿಗಾಲದಲ್ಲಿ ಯಂತ್ರ ಒಂದು ಸಾಲನ್ನು ತೋರಿಸಿ, ಇದು ಏನೂ ಕೆಲಸ ಮಾಡುತ್ತಿಲ್ಲ ಎಂದಿತು. ಸಾಲು ನೋಡಲು ಹಾಗೇ ಇತ್ತು. ಶಾದ್ಲಿ ತೆಗೆದುಹಾಕಿದ. ಸ್ಫಾಕ್ಸ್‌ನ ವೇಳೆ ಸರಿಯಾಗಿ ಬಂತು, ಫ್ರಾನ್ಸಿನ ಬ್ರೆಸ್ಟ್ ಬಂದರಿನ ವೇಳೆ ಸರಿಯಾಗಿ ಬಂತು. ಎಚ್ಚರಿಕೆ ಒಂದೂ ಇಲ್ಲ. ಖುಷಿಯಿಂದ ಹೊಸ ಪ್ಯಾಕೇಜು ಕಳುಹಿಸಿ ಮಲಗಿದ.

ಆ ಸಾಲು ಇದ್ದದ್ದು ಸಣ್ಣ ಬಂದರುಗಳಿಗಾಗಿ. ತಮ್ಮದೇ ಅಳತೆಯಿಲ್ಲದ ಅತ್ತಾಯಾದಂಥ ಊರುಗಳಿಗೆ, ದೊಡ್ಡ ಬಂದರಿನ ವೇಳೆಗೆ ಒಂದಿಷ್ಟು ಕೂಡಿಸಿಯೋ ಕಳೆದೋ ಹೇಳುವ ಸಾಲು. ಮನೆ ಗುಡಿಸುವ ಭರದಲ್ಲಿ ಕಸದ ಜೊತೆ ಮೂಗುತಿಯನ್ನೂ ಹೊರಗೆ ಹಾಕಿದ ಹಾಗಾಯಿತು. ಚೊಕ್ಕಟದ ಹುಚ್ಚಿನವರಲ್ಲದೆ ಲೋಕದಲ್ಲಿ ಬೇರೆ ಯಾರೂ ಇಂಥ ತಪ್ಪು ಮಾಡುವುದಿಲ್ಲ. ಸೋಮಾರಿಯ ಕೈಯಲ್ಲಿ ಆ ಸಾಲು ಕ್ಷೇಮವಾಗಿರುತ್ತಿತ್ತು.

ಪ್ರತಿ ಸಂಜೆ ಮರುದಿನದ ವೇಳೆಯನ್ನು ಅಣ್ಣನ ಫೋನಿಗೆ ಕಳುಹಿಸುವುದು ಶಾದ್ಲಿಯ ರೂಢಿ. ಹಮ್ಮಾದಿ ಅದನ್ನು ನೋಡಿ ನಕ್ಕು, ಆಕಾಶ ನೋಡಿ, ತನಗೆ ತೋಚಿದಂತೆ ಹೋಗುತ್ತಿದ್ದ. ಆ ದಿನ ಮಾತ್ರ ಗಾಢ ಮಂಜು. ಆಕಾಶವೂ ಇಲ್ಲ, ಬೇಲಿಯೂ ಕಾಣದು. ತಮ್ಮ ಹೇಳಿದ್ದಾನಲ್ಲ, ನೀರಿಳಿಯಲು ಇನ್ನೂ ಹೊತ್ತಿದೆ ಎಂದು ಹೊರಟ. ನೀರು ಅವನ ದೋಣಿಯ ಅಡಿಯಿಂದ ಜಾರಿಹೋಯಿತು. ಕೆಸರಿಗಿಳಿದು ದೋಣಿ ನೂಕುವಾಗ ಯಾವುದೋ ಚಿಪ್ಪು ಕಾಲು ಕೊಯ್ದಿತು. ಸಕ್ಕರೆ ಕಾಯಿಲೆಯ ಕಾಲು. ಗಾಯ ಮಾಯಲಿಲ್ಲ, ಬೆರಳು ಕಪ್ಪಾಯಿತು, ಸ್ಫಾಕ್ಸ್‌ನ ಆಸ್ಪತ್ರೆಯಲ್ಲಿ ತೆಗೆದರು.

ದೋಣಿ ಸಿಕ್ಕಿಕೊಂಡ ದಿನವೇ ಶಾದ್ಲಿಗೆ ತಪ್ಪು ಎಲ್ಲಿದೆಯೆಂದು ಗೊತ್ತಾಗಿತ್ತು. ತೆಗೆದ ಸಾಲನ್ನು ಕೂಡಲೇ ಮತ್ತೆ ಸೇರಿಸಿದ. ಬಳಗದ ನಿಯಮದಂತೆ ಎಲ್ಲರೂ ಓದುವ ಜಾಗದಲ್ಲಿ, ಇದು ನನ್ನ ತಪ್ಪು, ಇದರಿಂದ ಜೀವಕ್ಕೆ ಅಪಾಯ ಎಂದು ತನ್ನ ಮೇಲೆ ತಾನೇ ದೂರು ಬರೆದ. ಅಣ್ಣನ ಕಾಲಿನ ವಿಷಯ ಮಾತ್ರ ಬರೆಯಲಿಲ್ಲ. ಬೇಗ ಸರಿಪಡಿಸಿದ್ದಕ್ಕೆ ಧನ್ಯವಾದ ಎಂದು ನಾಲ್ಕಾರು ಜನ ಉತ್ತರಿಸಿದರು. ಯಾರಾದರೂ ಬೈದಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತು. ಅಣ್ಣನೂ ಬೈಯಲಿಲ್ಲ, ಜೋಕ್ ಮಾಡಿದ. ಶಾದ್ಲಿ ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಯ ಕಪಾಟಿನ ಮೇಲಿಟ್ಟ. ಹೆಂಡತಿ ನಜೀಹಾ ಅದರ ಮೇಲೆ ಕುಸ್ಕುಸ್ ಜರಡಿ ಇಟ್ಟಳು. ಅಣ್ಣನಿಗೆ ಸಂಜೆಯ ಸಂದೇಶವೂ ನಿಂತಿತು.

ಚಳಿಗಾಲ ಕಳೆಯಿತು, ವಸಂತ ಕಳೆಯಿತು. ಮೊರ್ ಆತುಕೊಂಡಿದ್ದ ಇನ್ನೊಂದು ಪ್ಯಾಕೇಜು ಹೊಸ ರೂಪ ತಾಳಿತು, ಅದಕ್ಕೆ ಮೊರ್ ಹೊಂದದಾಯಿತು. ಸಿಸ್ಟಮ್‌ನ ಮುಂದಿನ ಆವೃತ್ತಿ ಹೊರಡುವುದರೊಳಗೆ ಸರಿಮಾಡದಿದ್ದರೆ ಮೊರ್ ಅನ್ನೇ ಕಿತ್ತುಹಾಕುತ್ತಾರೆ. ಶಾದ್ಲಿ ಶಾಲೆಗೆ ಹೋದ, ಬಂದ, ಅಣ್ಣನ ಮನೆ ದಾರಿ ಬಿಟ್ಟು ಸುತ್ತುಹಾಕಿ ಬಂದ.

ಬೇಸಿಗೆಯಲ್ಲಿ ಅವನ ಫೋನಿಗೆ ಆ ಪತ್ರ ಬಂತು. ಮಾನ್ಯ ಶಾದ್ಲಿಯವರೇ, ನೀವೂ ನಿಮ್ಮವರೂ ಕ್ಷೇಮವೆಂದು ನಂಬುತ್ತೇವೆ. ಕೆಳಗೆ ಹೈಫಾಳ ಹೆಸರು. ಅವನು ಅಂಗಳದ ಅಂಜೂರದ ಮರದ ಕೆಳಗೆ ಕೂತು ಪೂರ್ತಿ ಓದಿದ, ಓದುತ್ತ ಓದುತ್ತ ಕಿವಿ ಕೆಂಪಾಯಿತು. ಎಂಥ ನಯವಂಚಕ ಕಾಗದ! ಶಾಲಿನಲ್ಲಿ ಸುತ್ತಿ ಹೊಡೆಯುವುದೆಂದರೆ ಇದೇ. ‘ಕಡಿಮೆಯಾಗುವುದಿಲ್ಲ’ ಅಂತೆ. ಕಡಿಮೆ ಎಂಬ ಮಾತು ಬಂದದ್ದೇ ಯಾಕೆ? ಯಾರಾದರೂ ಕೇಳಿದ್ದರೇ? ಇಂಥ ಸಾಲನ್ನು ಎಷ್ಟು ಜನಕ್ಕೆ ಕಳುಹಿಸಿದ್ದೆನೋ, ಅವರಲ್ಲಿ ಯಾರ ಮನೆಯಲ್ಲಿ ಏನಾಗಿತ್ತೋ ಎಂದು ಅವನು ಒಬ್ಬೊಬ್ಬರ ಹೆಸರನ್ನೇ ನೆನೆಯತೊಡಗಿದ.

ನಜೀಹಾ ಬಂದು, ಮುಖ ಯಾಕೆ ಹಾಗಿದೆ, ಯಾರ ಕಾಗದ ಎಂದು ಕೇಳಿದಳು.

"ನನಗೆ ಬಂದದ್ದು."

"ಅದು ಕಾಣ್ತಿದೆ. ಬರ್ದಿದ್ದು ಯಾರು?"

"ನಾನೇ."

"ಹಂಗಾದ್ರೆ ಉತ್ತರಾನೂ ನೀನೇ ಬರ್ಕೊಂಡ್ಬಿಡು," ಎಂದಳು ಸ್ಫಾಕ್ಸ್‌ನ ಮಗಳು, "ಒಂದೇ ಕೈಲಿ ಮುಗಿಯುತ್ತೆ."

ಅವನು ಬರೆಯಲಿಲ್ಲ. ಬಿಟ್ಟೆ ಎನ್ನಲು ಬಾಯಿ ಬರಲಿಲ್ಲ, ಮಾಡುತ್ತೇನೆ ಎನ್ನಲು ಕೈ ಬರಲಿಲ್ಲ. ಎರಡನೆಯ ಪತ್ರ ಬಂತು. ಅದಕ್ಕೂ ಸುಮ್ಮನಿದ್ದ.

ಮೂರನೆಯ ಪತ್ರ ಬರಬೇಕಾದ ಕಾಲಕ್ಕೆ ಹೈಫಾಳೇ ಬಂದಳು. ಬೇಸಿಗೆ ಮುಗಿದು ಊರಿನ ಗಂಡಸರೆಲ್ಲ ಗರಿ ಕಡಿದು ಹೊರೆ ಕಟ್ಟುತ್ತಿದ್ದ ದಿನಗಳು. ಹಡಗಿಳಿದು, ಬಸ್ಸು ಹಿಡಿದು, ಒಂದು ಚೀಲ ದಾಳಿಂಬೆ ಹೊತ್ತು ಬಾಗಿಲು ತಟ್ಟಿದಳು. ಶಾದ್ಲಿ ಅರ್ಧ ಬಾಗಿಲು ತೆರೆದು ಅಲ್ಲೇ ನಿಂತ. ಅವಳು ಸಂದಿಯಿಂದ ಗುರುತಿನ ಚೀಟಿ ಚಾಚಿದಳು.

"ನೋಡ್ಕೊಳ್ಳಿ ಉಸ್ತಾದ್. ಫೋಟೋ ನನ್ನದೇ."

ನಜೀಹಾ ಗಂಡನನ್ನು ಪಕ್ಕಕ್ಕೆ ತಳ್ಳಿ ಅವಳನ್ನು ಒಳಗೆ ಕರೆದುಕೊಂಡಳು. ಕಾಫಿಯಾಯಿತು. ಗಾಬೆಸ್‌ನ ಸೆಕೆಯ ಮಾತಾಯಿತು, ಅಂಚೆ ಕಚೇರಿಯ ಹೊಸ ಸಾಹೇಬನ ಮಾತಾಯಿತು. ಹುಡುಗಿಗೆ ನಮ್ಮ ಪದ್ಧತಿಯನ್ನು ಶಾದ್ಲಿಯೇ ಒಮ್ಮೆ ಹೇಳಿದ್ದ. ಅವಳು ಲೋಟ ಕೆಳಗಿಟ್ಟು, ಎದ್ದು ನಿಂತು ಕೇಳಿದಳು.

"ಈ ವರ್ಷ ನೆಡ್ತೀರಾ, ಉಸ್ತಾದ್?"

ಅವನು ನೆಲ ನೋಡುತ್ತ, ಪತ್ರದ ಕೊನೆಯ ಸಾಲು ಬಹಳ ಕೆಟ್ಟದ್ದು, ಅದನ್ನು ಮೊದಲು ತೆಗೆಯಿರಿ ಎಂದ. ಅದು ನಿಮ್ಮದೇ ಸಾಲು, ನಾನು ಒಂದಕ್ಷರ ಮುಟ್ಟಿಲ್ಲ ಎಂದಳು ಹೈಫಾ. "ಗೊತ್ತು," ಎಂದ ಶಾದ್ಲಿ. "ಅದಕ್ಕೇ ಇಷ್ಟು ಉರೀತಿದೆ." ಆಮೇಲೆ, ಮೊರ್ ಅನ್ನು ನೀನೇ ತಗೋ, ನನ್ನ ಹೆಸರು ಅಳಿಸು, ನನ್ನ ಕೈ ಸರಿಯಿಲ್ಲ ಎಂದ. ಒಂದು ಸಾಲಿನ ತಪ್ಪಿಗೆ ಇಷ್ಟೊಂದು ಯಾಕೆ, ಆವತ್ತೇ ಸರಿಮಾಡಿದ್ದೀರಲ್ಲ ಎಂದು ಹೈಫಾಗೆ ನಿಜಕ್ಕೂ ಅರ್ಥವಾಗಲಿಲ್ಲ.

ಆಗಲೇ ಹಮ್ಮಾದಿ ಕುಂಟುತ್ತ ಬಂದದ್ದು. ತಮ್ಮ ತನ್ನ ಮನೆಗೆ ಬರುವುದನ್ನು ಬಿಟ್ಟ ಮೇಲೆ ಅವನೇ ದಿನವೂ ಏನಾದರೊಂದು ನೆಪ ತೆಗೆದು ಬರುತ್ತಿದ್ದ. ಇವತ್ತಿನ ನೆಪ ಹಗ್ಗ. ಕಾಲಿಗೆ ಏನಾಯಿತು ಮಾಮ ಎಂದು ಹೈಫಾ ಕೇಳಿದಳು.

"ಇವನ ಲ್ಯಾಪ್‌ಟಾಪ್ ಕಚ್ಚಿಬಿಡ್ತಮ್ಮ. ಮಂಜಿತ್ತು, ನೀರಿನ ವೇಳೆ ತಪ್ಪಾಗಿತ್ತು."

ಹೈಫಾ ನಗಲಿಲ್ಲ. ಶಾದ್ಲಿಯ ಕಡೆ ತಿರುಗಿದಳು, ಮತ್ತೆ ಆ ಕಾಲು ನೋಡಿದಳು. ಆ ದೂರಿನಲ್ಲಿ ‘ಜೀವಕ್ಕೆ ಅಪಾಯ’ ಎಂದು ಬರೆದದ್ದು ಯಾರ ಜೀವಕ್ಕೆ ಎಂಬುದು ಅವಳಿಗೆ ಈಗ ತಿಳಿಯಿತು. ಕಣ್ಣು ತುಂಬಿ ಬಂತು, ಮುಚ್ಚಿಡಲು ಹೋಗಲಿಲ್ಲ.

ಹುಡುಗಿ ಯಾಕೆ ಅಳುತ್ತಿದ್ದಾಳೆಂದು ಹಮ್ಮಾದಿಗೆ ತಿಳಿಯಲಿಲ್ಲ, ಏನು ವಿಷಯ ಎಂದು ನಜೀಹಾಳನ್ನು ವಿಚಾರಿಸಿದ. ಪಕ್ಕದ ಶರ್ಫಿಯಾದವರು ಕೇಳಲು ಬಂದಿದ್ದಾರೆ, ನಿನ್ನ ತಮ್ಮ ಜಾಗ ಬಿಟ್ಟುಕೊಡುತ್ತಾನಂತೆ ಎಂದಳು ಅವಳು. ಹಮ್ಮಾದಿ ಕುರ್ಚಿ ಎಳೆದು ಕೂತ.

"ನಂಗೂ ಹೋದ ವಾರ ಪಕ್ಕದ ಶರ್ಫಿಯಾದವನು ಬಂದು ಕೇಳ್ದ. ಕಾಲು ಹೀಗಿದೆ, ಈ ವರ್ಷ ನೆಡ್ತೀಯಾ ಅಂತ. ನೆಡ್ತೀನಿ ಅಂದೆ. ನೀರಲ್ಲಿ ನಿಲ್ಲೋನು ನೀನು, ಬೋನು ಹೆಣೆಯೋನು ನಾನು, ಮೀನು ಅರ್ಧರ್ಧ ಅಂತ ಅವನಿಗೆ ಹೇಳ್ದೆ. ಇದ್ರಲ್ಲಿ ಅಳೋದೇನಿದೆ?"

"ನಿಂದು ಬೇರೆ ಅಣ್ಣ," ಎಂದ ಶಾದ್ಲಿ. "ನೀನು ಯಾರ ಕಾಲನ್ನೂ ಹಾಳು ಮಾಡ್ಲಿಲ್ಲ."

ಇಷ್ಟು ತಿಂಗಳಲ್ಲಿ ಆ ಮಾತು ಅವನ ಬಾಯಿಂದ ಹೊರಬಿದ್ದದ್ದು ಇದೇ ಮೊದಲು. ತನ್ನ ಜೋಕು ಇವನಿಗೆ ಪ್ರತಿಸಲವೂ ಎಲ್ಲಿ ಚುಚ್ಚುತ್ತಿತ್ತೆಂದು ಪಾಪ ಹಮ್ಮಾದಿಗೆ ಹೊಳೆದೇ ಇರಲಿಲ್ಲ. ನಕ್ಕುಬಿಟ್ಟರೆ ಮುಗಿಯುತ್ತದೆ ಎಂದುಕೊಂಡಿದ್ದ. ಈಗ, "ನಾಳೆ ಗರಿ ನೆಡಬೇಕು," ಎಂದ. "ನೀರು ಎಷ್ಟ್ಹೊತ್ತಿಗೆ ಇಳಿಯುತ್ತೆ ಹೇಳು."

ಶಾದ್ಲಿ ತಲೆಯೆತ್ತಿದ. "ನನ್ನ ಕೇಳ್ತಿದೀಯಾ?"

"ಮತ್ತೆ ಯಾರನ್ನ ಕೇಳ್ಲಿ? ಇನ್ನೂ ಎಂಟು ಬೆರಳಿವೆ."

ನಜೀಹಾ ಹೋಗಿ ಕಪಾಟಿನ ಮೇಲಿನ ಜರಡಿ ತೆಗೆದು, ಲ್ಯಾಪ್‌ಟಾಪನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟಳು. ಬ್ಯಾಟರಿ ಸತ್ತಿತ್ತು, ತಂತಿ ಹುಡುಕಿ ಚುಚ್ಚಿದರು. ಹೈಫಾ ಚೀಲದಿಂದ ತನ್ನದನ್ನೂ ತೆಗೆದಳು. ಶಾದ್ಲಿ ಮೊರ್ ತೆರೆದು, ಅತ್ತಾಯಾ ಎಂದು ಬರೆದು, ವೇಳೆ ನೋಡಿದ, ಹೇಳಲಿಲ್ಲ. ಹೈಫಾ ತನ್ನದರಲ್ಲಿ ನೋಡಿದಳು. ಇಬ್ಬರೂ ಪರದೆಗಳನ್ನು ಪರಸ್ಪರ ತಿರುಗಿಸಿ ತೋರಿಸಿಕೊಂಡರು, ಎರಡರಲ್ಲೂ ಒಂದೇ ಇತ್ತು. ಅವಳು ತಲೆಯಾಡಿಸಿದ ಮೇಲೆಯೇ ಅವನು ಅಣ್ಣನಿಗೆ ವೇಳೆ ಹೇಳಿದ.

ಹಮ್ಮಾದಿ ಹಗ್ಗ ಮರೆತು ಮನೆಗೆ ಹೋದ. ಆಮೇಲೆ ಶಾದ್ಲಿ, ಹೈಫಾ ಇಬ್ಬರೂ ಕೂತು, ಮೊರ್ ಹೊಸ ರೂಪಕ್ಕೆ ಹೊಂದದ ಜಾಗವನ್ನು ಹುಡುಕಿ ಸರಿಮಾಡಿದರು. ಉಸ್ತುವಾರಿಯ ಸಾಲಿನಲ್ಲಿ ಶಾದ್ಲಿ ಹೈಫಾಳ ಹೆಸರನ್ನು ಮೇಲೆ ಬರೆದ, ಅದರ ಕೆಳಗೆ ತನ್ನದು. ಆ ಪತ್ರದ ಕೊನೆಯ ಸಾಲನ್ನು ಅಳಿಸಿ ಏನು ಬರೆಯಬೇಕೆಂದು ಬಹಳ ಹೊತ್ತು ವಾದ ಮಾಡಿದರು. ಕೊನೆಗೆ ಏನೂ ಬರೆಯದೆ ಖಾಲಿ ಬಿಟ್ಟರು.

ಮರುದಿನ ನೀರು ಹೇಳಿದ ಹೊತ್ತಿಗೆ ಇಳಿಯಿತು. ಹಮ್ಮಾದಿಯ ದೋಣಿ ಶರ್ಫಿಯಾ ತಲುಪುವಷ್ಟರಲ್ಲಿ ಅಲ್ಲಿ ಕನ್ನಡಕ ಹಾಕಿದವನೊಬ್ಬ ಮೊಣಕಾಲುದ್ದ ನೀರಿನಲ್ಲಿ ನಿಂತು, ಒಂದು ಹೊರೆ ಗರಿ ಹೊತ್ತುಕೊಂಡು ಅಣ್ಣನನ್ನು ಕಾಯುತ್ತಿದ್ದ.